ದೊಡ್ಡಪ್ಪನ ಕಾರಿನ ಗ್ಯಾಸು

ದೊಡ್ಡಪ್ಪನ ಕಾಂಟೆಸ್ಸಾಗೆ ಮೂವತ್ತು ದಾಟಿ ವರ್ಷಗಳಾದವು. ಕೊಬ್ಬರಿ ರೇಟು ಚೆನ್ನಾಗಿದ್ದ ಒಂದು ವರ್ಷ ಬೆಂಗಳೂರಿನ ಯಾರೋ ಕಂಟ್ರಾಕ್ಟರ್ ಹತ್ತಿರ ಸೆಕೆಂಡ್ ಹ್ಯಾಂಡಲ್ಲಿ ತಂದಿದ್ದು. ತಿಪಟೂರಿನ ಹತ್ತಿರದ ನಮ್ಮೂರಿಗೆ ಬಂದ ಮೊದಲ ಎಸಿ ಕಾರು ಅದೇ. ಬೇಸಿಗೆಯಲ್ಲಿ ಮನೆ ಮುಂದೆ ಇಂಜಿನ್ ಆನ್ ಮಾಡಿ, ನಾವು ಹುಡುಗರನ್ನ ಒಳಗೆ ಕೂರಿಸಿ, ಐದು ನಿಮಿಷ 'ಊಟಿ ತೋರಿಸಿ' ಇಳಿಸಿಬಿಡ್ತಿದ್ದರು. ಪೆಟ್ರೋಲ್ ದುಡ್ಡು ನೆನಪಾದ ಕೂಡಲೇ ಊಟಿ ಮುಗೀತಿತ್ತು.

ಹೋದ ವರ್ಷ ಆ ಕಾರು ನನ್ನ ಪಾಲಿಗೆ ಬಂತು. ಪಾಲು ಅಂದರೆ ರಿಪೇರಿಯ ಪಾಲು. 'ಲೇ, ನೀನು ಇಂಜಿನಿಯರ್ ಅಲ್ವೇನ್ಲಾ, ಬೆಂಗ್ಳೂರಿಗೆ ತಗಂಡೋಗಿ ಎಸಿಗೆ ಗ್ಯಾಸ್ ಹಾಕ್ಸು' ಅಂದರು ದೊಡ್ಡಪ್ಪ. ನಾನು ಬರೆಯೋದು ಪೇಮೆಂಟ್ ಸಾಫ್ಟ್‌ವೇರು. ಅದನ್ನ ಅವರಿಗೆ ಇಪ್ಪತ್ತು ಸಲ ಹೇಳಿದ್ದೇನೆ, ಬಿಡಿ.

ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ ಒಬ್ಬರು ಹಳೇ ಎಸಿ ಮೆಕ್ಯಾನಿಕ್ ಇದ್ದಾರೆ. ಬಾನೆಟ್ ಎತ್ತಿದವರೇ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. 'ಸಾರ್, ಇದು ಟ್ವೆಲ್ವ್ ಗಾಡಿ. ಈ ಗ್ಯಾಸ್ ಈಗ ಬರಲ್ಲ. ಯಾರಾದ್ರೂ ಇದೆ ಅಂದ್ರೆ ನಂಬಬೇಡಿ, ಡಬ್ಬದೊಳಗೆ ಏನಿರುತ್ತೋ ದೇವರಿಗೇ ಗೊತ್ತು. ಕನ್ವರ್ಟ್ ಮಾಡ್ಬೇಕು.'

'ಆಯ್ತು ಭಾಯ್, ಹೊಸ ಗ್ಯಾಸೇ ಹಾಕಿ' ಅಂದೆ.

ಭಾಯ್ ನಕ್ಕರು. 'ಗ್ಯಾಸ್ ಹಾಕೋದು ಅರ್ಧ ಗಂಟೆ ಕೆಲಸ ಸಾರ್. ಹಾಕೋ ಮುಂಚೆ ಮೂರು ದಿನದ ಕೆಲಸ ಇದೆ.'

ಆ ಮೂರು ದಿನ ಯಾಕೆ ಅಂತ ಹುಡುಕುತ್ತಾ ಹೋದವನು ಸುಮಾರು ನೂರು ವರ್ಷ ಹಿಂದಕ್ಕೆ ಹೋಗಿ ಬಿದ್ದೆ.

ಮೊದಲು ಹೆಸರಿನ ವಿಷಯ. 'ಟ್ವೆಲ್ವ್' ಅಂದರೆ ಆರ್-12. ಈಗಿನ ಕಾರುಗಳಲ್ಲಿ ಹೆಚ್ಚಾಗಿ ಇರೋದು ಆರ್-134ಎ. ಇವು ಯಾವುದೋ ಕಂಪನಿಯ ಮಾಡೆಲ್ ನಂಬರ್ ಅಂತ ನಾನು ಅಂದುಕೊಂಡಿದ್ದೆ. ಅಲ್ಲ, ಇದು ಎನ್‌ಕೋಡಿಂಗ್. ನಂಬರಿಗೆ 90 ಕೂಡಿಸಿ ನೋಡಿ. 12ಕ್ಕೆ 90 ಸೇರಿದರೆ 102. ಒಂದು ಕಾರ್ಬನ್, ಸೊನ್ನೆ ಹೈಡ್ರೋಜನ್, ಎರಡು ಫ್ಲೋರಿನ್. ಒಂದು ಕಾರ್ಬನ್ನಿಗೆ ನಾಲ್ಕು ಕೈ, ಎರಡು ಕೈ ಫ್ಲೋರಿನ್ ಹಿಡೀತು. ಉಳಿದ ಎರಡು ಕೈಯಲ್ಲಿ ಇರೋದು ಕ್ಲೋರಿನ್. ಈಗ 134ಕ್ಕೆ 90 ಸೇರಿಸಿ, 224. ಎರಡು ಕಾರ್ಬನ್, ಎರಡು ಹೈಡ್ರೋಜನ್, ನಾಲ್ಕು ಫ್ಲೋರಿನ್. ಇರೋ ಆರು ಕೈಯೂ ಭರ್ತಿ, ಕ್ಲೋರಿನ್ನಿಗೆ ಜಾಗವೇ ಇಲ್ಲ. ನಾನು ಮುಂದೆ ಹೇಳೋ ಕಥೆಯೆಲ್ಲ ಆ ಕ್ಲೋರಿನ್ ಬಂದಿದ್ದು ಮತ್ತೆ ಹೋಗಿದ್ದು, ಅಷ್ಟೇ.

1920ರ ದಶಕದ ಮನೆ ಫ್ರಿಜ್‌ಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಇರುತ್ತಿದ್ದವು. ತಣ್ಣಗೆ ಮಾಡುವ ಕೆಲಸದಲ್ಲಿ ಮೂರೂ ಜೋರು. ಸೋರಿದರೆ ಮಾತ್ರ ವಿಷ. ರಾತ್ರಿ ಅಡುಗೆಮನೆಯಲ್ಲಿ ಪೈಪು ಸೋರಿ ಜನ ಸತ್ತ ಸುದ್ದಿಗಳು ಬರುತ್ತಿದ್ದವು. ಬರ್ಲಿನ್ನಿನಲ್ಲಿ ಹೀಗೆ ಸತ್ತ ಒಂದು ಕುಟುಂಬದ ಸುದ್ದಿ ಓದಿಯೇ ಐನ್‌ಸ್ಟೀನ್ ತಮ್ಮ ಗೆಳೆಯ ಲಿಯೋ ಜಿಲಾರ್ಡ್ ಜೊತೆ ಸೇರಿ, ತಿರುಗುವ ಭಾಗಗಳೇ ಇಲ್ಲದ ಒಂದು ಫ್ರಿಜ್ಜಿಗೆ ಪೇಟೆಂಟ್ ತಗೊಂಡರು ಅನ್ನುತ್ತಾರೆ. ಹೌದು, ಅದೇ ಐನ್‌ಸ್ಟೀನ್. ಅದು ಅಂಗಡಿಯವರೆಗೆ ಬರಲಿಲ್ಲ.

ಬಂದಿದ್ದು ಥಾಮಸ್ ಮಿಡ್ಗ್ಲೇ ಎಂಬಾತನ ಗ್ಯಾಸು. ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿ ಕೆಲಸ. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗು, ಮಾಡಿದ್ದೆಲ್ಲ ರಸಾಯನಶಾಸ್ತ್ರ. ಪೆಟ್ರೋಲಿಗೆ ಸೀಸ ಬೆರೆಸುವುದನ್ನ ಕಂಡುಹಿಡಿದವನೂ ಇವನೇ. ಆ ಸಾಹಸದ ಹಾನಿ ಬೇರೆಯೇ ಒಂದು ಲೇಖನ. 1928ರಲ್ಲಿ ಕಂಪನಿ ಕೊಟ್ಟ ರಿಕ್ವೈರ್‌ಮೆಂಟು ಸರಳ: ಉರಿಯಬಾರದು, ವಿಷ ಇರಬಾರದು, ತಣ್ಣಗೆ ಮಾಡಬೇಕು. ಆತ ಮತ್ತು ಆಲ್ಬರ್ಟ್ ಹೆನ್ ಪೀರಿಯಾಡಿಕ್ ಟೇಬಲ್ ಮುಂದಿಟ್ಟುಕೊಂಡು ಫ್ಲೋರಿನ್ ಕಡೆಗೆ ಬಂದರು. ಫ್ಲೋರಿನ್ ಅಂದರೆ ಆಗ ಕೆಮಿಸ್ಟ್‌ಗಳೇ ದೂರ ಓಡುತ್ತಿದ್ದರು.

ಇಲ್ಲೊಂದು ಘಟನೆಯಿದೆ, ಮಿಡ್ಗ್ಲೇ ತಾನೇ ಆಮೇಲೆ ಹೇಳಿಕೊಂಡಿದ್ದು. ಪ್ರಯೋಗಕ್ಕೆ ಬೇಕಾದ ಆಂಟಿಮನಿ ಟ್ರೈಫ್ಲೋರೈಡಿನ ಐದು ಚಿಕ್ಕ ಬಾಟಲಿ ತರಿಸಿದ್ದರು. ಒಂದನ್ನ ಬಳಸಿ ಒಂದಿಷ್ಟು ಗ್ಯಾಸ್ ತಯಾರಿಸಿ, ಗಿನಿಪಿಗ್ ಒಂದನ್ನ ಗಾಜಿನ ಗಂಟೆಯ ಕೆಳಗೆ ಕೂರಿಸಿ ಬಿಟ್ಟರು. ಪ್ರಾಣಿಗೆ ಏನೂ ಆಗಲಿಲ್ಲ. ಎಲ್ಲರಿಗೂ ಖುಷಿ. ಎರಡನೇ ಬಾಟಲಿಯಿಂದ ಮಾಡಿದ ಗ್ಯಾಸಿಗೆ ಗಿನಿಪಿಗ್ ಸತ್ತೇ ಹೋಯಿತು. ನೋಡಿದರೆ ಐದರಲ್ಲಿ ನಾಲ್ಕು ಬಾಟಲಿಗಳ ಮಾಲು ಕಲಬೆರಕೆ. ಅದರಿಂದ ಫಾಸ್ಜೀನ್ ಎಂಬ ಘೋರ ವಿಷ ಹುಟ್ಟುತ್ತಿತ್ತು. ಮೊದಲು ಕೈಗೆ ಸಿಕ್ಕಿದ್ದು ಇದ್ದ ಒಂದೇ ಒಂದು ಶುದ್ಧ ಬಾಟಲಿ. ಕೈ ಬೇರೆ ಬಾಟಲಿಗೆ ಹೋಗಿದ್ದರೆ ಅಲ್ಲೇ ಕೈಬಿಡುತ್ತಿದ್ದೆವೇನೋ ಅಂತ ಮಿಡ್ಗ್ಲೇಗೂ ಅನುಮಾನವಿತ್ತು.

1930ರ ಏಪ್ರಿಲ್‌ನಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಸಭೆಯಲ್ಲಿ ಆತ ಡೆಮೋ ಕೊಟ್ಟ. ಗ್ಯಾಸನ್ನ ಎದೆ ತುಂಬ ಎಳೆದುಕೊಂಡು, ಉರಿಯುತ್ತಿದ್ದ ಮೇಣದಬತ್ತಿಯ ಮೇಲೆ ಊದಿದ. ಬತ್ತಿ ಆರಿತು. ಒಂದೇ ಉಸಿರಿನಲ್ಲಿ ಎರಡು ಟೆಸ್ಟ್ ಕೇಸ್ ಪಾಸ್. ವಿಷವಲ್ಲ, ಉರಿಯಲ್ಲ. ಅದೇ ವರ್ಷ ಜನರಲ್ ಮೋಟಾರ್ಸ್ ಮತ್ತು ಡುಪಾಂಟ್ ಸೇರಿ ಒಂದು ಕಂಪನಿ ಮಾಡಿದವು. ಬ್ರ್ಯಾಂಡಿನ ಹೆಸರು ಫ್ರಿಯಾನ್.

ಕಾರಿಗೆ ಎಸಿ ಬಂದಿದ್ದು 1939ರ ಕೊನೆಯಲ್ಲಿ, ಪ್ಯಾಕಾರ್ಡ್ ಕಂಪನಿಯ 1940ರ ಮಾಡೆಲ್‌ಗಳಿಗೆ. ತಣ್ಣಗೆ ಮಾಡುವ ಭಾಗ ಡಿಕ್ಕಿಯ ಅರ್ಧ ಜಾಗ ತಿನ್ನುತ್ತಿತ್ತು. ಕಂಪ್ರೆಸರ್‌ಗೆ ಕ್ಲಚ್ ಇರಲಿಲ್ಲ, ಇಂಜಿನ್ ಓಡಿದರೆ ಅದೂ ಓಡುತ್ತಿತ್ತು. ಎಸಿ ಬೇಡ ಅಂದರೆ ಕಾರು ನಿಲ್ಲಿಸಿ, ಇಳಿದು, ಬಾನೆಟ್ ಎತ್ತಿ, ಬೆಲ್ಟ್ ಬಿಚ್ಚಿಡಬೇಕು! ದೊಡ್ಡಪ್ಪನಿಗೆ ಇದನ್ನ ಹೇಳಿದಾಗ, 'ಹಂಗಾದ್ರೆ ನಮ್ದು ವಾಸಿ ಬಿಡು' ಅಂದರು.

ಮಿಡ್ಗ್ಲೇಗೆ ಕೊಟ್ಟ ರಿಕ್ವೈರ್‌ಮೆಂಟಿನಲ್ಲಿ ಇಲ್ಲದ ಒಂದು ಪ್ರಶ್ನೆ ಇತ್ತು: ಸೋರಿದ ಗ್ಯಾಸು ಆಮೇಲೆ ಎಲ್ಲಿಗೆ ಹೋಗುತ್ತೆ? ಉರಿಯದ, ಕೊಳೆಯದ, ನೀರಿಗೆ ಕರಗದ ವಸ್ತು. ಮಳೆಗೂ ಕೆಳಗಿಳಿಯಲ್ಲ. ಅದನ್ನ ಕೇಳೋದಕ್ಕೆ ನಲವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಮಿಡ್ಗ್ಲೇ ಆಗ ಇರಲಿಲ್ಲ. 1940ರಲ್ಲಿ ಪೋಲಿಯೋ ಬಡಿದು, ಹಾಸಿಗೆಯಿಂದ ಎದ್ದೇಳಲು ತಾನೇ ಹಗ್ಗ ರಾಟೆ ಕಟ್ಟಿಕೊಂಡಿದ್ದ. 1944ರಲ್ಲಿ ಅದೇ ಹಗ್ಗಕ್ಕೆ ಸಿಕ್ಕು ತೀರಿಕೊಂಡ, 55ನೇ ವಯಸ್ಸಿಗೆ.

1970ರ ದಶಕದ ಶುರುವಿನಲ್ಲಿ ಜೇಮ್ಸ್ ಲವ್‌ಲಾಕ್ ಎಂಬ ಬ್ರಿಟಿಷ್ ವಿಜ್ಞಾನಿ ತಾನೇ ಮಾಡಿದ ಸೂಕ್ಷ್ಮ ಉಪಕರಣ ಹಿಡಿದು ಹಡಗಿನಲ್ಲಿ ದಕ್ಷಿಣಕ್ಕೆ ಹೋದ. ನಡುಸಮುದ್ರದ ಗಾಳಿಯಲ್ಲೂ ಈ ಜಾತಿಯ ಗ್ಯಾಸ್ (ಒಟ್ಟಾಗಿ ಸಿಎಫ್‌ಸಿ ಅನ್ನುತ್ತಾರೆ) ಸಿಕ್ಕಿತು. ಅಪಾಯವೇನಿಲ್ಲ ಅಂತ ಆತನೂ ಬರೆದ. ಆ ಅಳತೆ ನೋಡಿ ತಲೆ ಕೆಡಿಸಿಕೊಂಡವರು ಕ್ಯಾಲಿಫೋರ್ನಿಯಾದ ಶೆರ್ವುಡ್ ರೋಲೆಂಡ್ ಮತ್ತು ಅವರ ಹತ್ತಿರ ಆಗಷ್ಟೇ ಸೇರಿದ್ದ ಮೆಕ್ಸಿಕೋದ ಹುಡುಗ ಮಾರಿಯೋ ಮೊಲೀನಾ. ಕೆಳಗೆ ಯಾವುದೂ ಒಡೆಯದ ಈ ಅಣು ಮೇಲಕ್ಕೆ, ಓಝೋನ್ ಪದರದ ಎತ್ತರಕ್ಕೆ ಹೋದಾಗ ನೇರಳಾತೀತ ಕಿರಣ ಅದನ್ನ ಒಡೆಯುತ್ತೆ. ಕ್ಲೋರಿನ್ ಬಿಡುಗಡೆಯಾಗುತ್ತೆ. ಒಂದೊಂದು ಕ್ಲೋರಿನ್ ಪರಮಾಣು ಸುಮಾರು ಒಂದು ಲಕ್ಷ ಓಝೋನ್ ಅಣುಗಳನ್ನ ಮುಗಿಸಬಲ್ಲದು. 1974ರ ಜೂನ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಅದು ಬಂತು. ತಯಾರಕರು ಅದನ್ನ ಬರೀ ಥಿಯರಿ ಅಂದರು. 1995ರಲ್ಲಿ ಇಬ್ಬರಿಗೂ, ಪೌಲ್ ಕ್ರುಟ್ಜೆನ್ ಜೊತೆ, ನೊಬೆಲ್ ಸಿಕ್ಕಿತು.

ಸಾಕ್ಷಿ ಸಿಕ್ಕಿದ್ದು 1985ರ ಮೇನಲ್ಲಿ. ಅಂಟಾರ್ಕ್ಟಿಕಾದ ಹ್ಯಾಲಿ ಬೇಯಲ್ಲಿ ಬ್ರಿಟಿಷರು ವರ್ಷಗಟ್ಟಲೆ ಹಳೇ ಕಾಲದ ಉಪಕರಣದಲ್ಲಿ ಓಝೋನ್ ಅಳೆಯುತ್ತಾ ಬಂದಿದ್ದರು. ಅಲ್ಲಿಯ ವಸಂತದಲ್ಲಿ ಅದು ಭಾರೀ ಕುಸಿಯುತ್ತಿದೆ ಅಂತ ಜೋ ಫಾರ್ಮನ್ ಮತ್ತು ಜೊತೆಗಾರರು ಪ್ರಕಟಿಸಿದರು. ಅಷ್ಟು ಹೊತ್ತು ನಾಸಾದ ಉಪಗ್ರಹ ಏನು ಮಾಡ್ತಿತ್ತು? ಅದೂ ಅಳೆದಿತ್ತು. ನಂಬಲಾಗದಷ್ಟು ಕಡಿಮೆ ಬಂದ ಅಂಕಿಗಳಿಗೆ ಪ್ರೋಗ್ರಾಮು 'ಅನುಮಾನಾಸ್ಪದ' ಎಂಬ ಗುರುತು ಹಾಕಿ ಪಕ್ಕಕ್ಕಿಟ್ಟಿತ್ತು. ಆಮೇಲೆ ತೆಗೆದು ನೋಡಿದರೆ ತೂತು ಅದರಲ್ಲೇ ಇತ್ತು. ಈ ಭಾಗ ಓದಿದ ದಿನ ಆಫೀಸಿಗೆ ಹೋಗಿ ನನ್ನದೇ ಕೋಡಿನಲ್ಲಿ ಎಲ್ಲೆಲ್ಲಿ ಹೀಗೆ 'ಇದು ಸಾಧ್ಯವಿಲ್ಲ' ಅಂತ ಡೇಟಾ ಪಕ್ಕಕ್ಕೆ ಸರಿಸಿದ್ದೇನೆ ಅಂತ ಹುಡುಕಿದೆ. ಎಷ್ಟು ಸಿಕ್ಕಿತು ಅಂತ ಇಲ್ಲಿ ಹೇಳಲ್ಲ.

ಈ ಕಥೆಯಲ್ಲಿ ಬೆಂಗಳೂರಿನ ಒಬ್ಬ ಹುಡುಗನೂ ಇದ್ದಾನೆ. ವೀರಭದ್ರನ್ ರಾಮನಾಥನ್. ಹುಟ್ಟಿದ್ದು ತಮಿಳುನಾಡಿನಲ್ಲಿ, ಹನ್ನೊಂದನೇ ವಯಸ್ಸಿಗೆ ಬೆಂಗಳೂರಿಗೆ ಬಂದರು. ತಮಿಳಿನಲ್ಲಿ ಓದುತ್ತಿದ್ದವರು ಇಲ್ಲಿ ಇಂಗ್ಲಿಷ್ ಶಾಲೆಗೆ ಬಿದ್ದು ಒದ್ದಾಡಿದರಂತೆ. ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬಿದ್ದ ನನ್ನಂಥವರಿಗೆ ಆ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಅಣ್ಣಾಮಲೈನಲ್ಲಿ ಬಿಇ ಮಾಡಿ, ಮೊದಲ ಕೆಲಸಕ್ಕೆ ಸೇರಿದ್ದು ಸಿಕಂದರಾಬಾದಿನ ಒಂದು ಫ್ರಿಜ್ ಕಂಪನಿಗೆ. ಕೆಲಸ ಏನು ಗೊತ್ತಾ? ಫ್ರಿಜ್ಜಿನಿಂದ ಗ್ಯಾಸ್ ಯಾಕೆ ಸೋರುತ್ತೆ ಅಂತ ಪತ್ತೆ ಮಾಡೋದು. ಅದು ಬೇಜಾರಾಗಿ ಬಿಟ್ಟು, ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದು, ಅಲ್ಲಿಂದ ಅಮೆರಿಕಕ್ಕೆ ಹೋದರು. ಅಲ್ಲಿ ಮತ್ತೆ ಅದೇ ಗ್ಯಾಸು ಎದುರಾಯಿತು. 1975ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಅವರು ತೋರಿಸಿಕೊಟ್ಟಿದ್ದು ಇಷ್ಟು: ಓಝೋನ್ ವಿಷಯ ಹಾಗಿರಲಿ, ಈ ಗ್ಯಾಸು ಭೂಮಿಗೆ ಕಂಬಳಿಯನ್ನೂ ಹೊದಿಸುತ್ತೆ. ಇದರ ಒಂದು ಅಣು ಹಿಡಿದಿಡುವ ಶಾಖ, ಕಾರ್ಬನ್ ಡೈಆಕ್ಸೈಡಿನ ಸುಮಾರು ಹತ್ತು ಸಾವಿರ ಅಣುಗಳು ಹಿಡಿದಿಡುವಷ್ಟು. ಓಝೋನ್ ಗಲಾಟೆಯಲ್ಲಿ ಈ ಎರಡನೇ ಮಾತು ಹಿಂದೆ ಉಳಿಯಿತು. ಮುಂದೆ ಅದೇ ದೊಡ್ಡದಾಯಿತು.

ಉಳಿದಿದ್ದು ಬೇಗ ನಡೆಯಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದ. ಭಾರತ ಮೊದಲು ಸಹಿ ಹಾಕಲಿಲ್ಲ, ಹಾಕದೇ ಇದ್ದಿದ್ದರಲ್ಲಿ ನ್ಯಾಯ ಇತ್ತು ಅಂತ ನನ್ನ ಅಭಿಪ್ರಾಯ. ಅರ್ಧ ಶತಮಾನ ಗ್ಯಾಸ್ ಬಿಟ್ಟವರು ಬೇರೆಯವರು. ನಮ್ಮೂರಲ್ಲಿ ಎಸಿ ಇದ್ದಿದ್ದು ಒಂದೇ ಕಾರಿನಲ್ಲಿ, ಅದೂ ಐದು ನಿಮಿಷ. 1990ರಲ್ಲಿ ಲಂಡನ್ ಸಭೆಯಲ್ಲಿ ಆಗಿನ ಪರಿಸರ ಸಚಿವೆ ಮನೇಕಾ ಗಾಂಧಿ ಇದೇ ವಾದ ಮಂಡಿಸಿದರು. ಬದಲಾವಣೆಯ ಖರ್ಚಿಗೆ ಶ್ರೀಮಂತ ದೇಶಗಳು ದುಡ್ಡು ಹಾಕುವ ನಿಧಿಯೊಂದು ಆ ಸಭೆಯಲ್ಲಿ ಹುಟ್ಟಿತು. 1992ರಲ್ಲಿ ಭಾರತ ಸೇರಿತು.

ಅಮೆರಿಕದಲ್ಲಿ 1995ರ ಕೊನೆಗೆ ಆರ್-12 ತಯಾರಿಕೆ ನಿಂತಿತು. ಆದರೆ ಅದನ್ನೇ ಕುಡಿಯುವ ಕೋಟಿಗಟ್ಟಲೆ ಕಾರುಗಳು ರಸ್ತೆಯಲ್ಲಿದ್ದವು. ಬೆಲೆ ಹತ್ತಾರು ಪಟ್ಟು ಏರಿತು, ಕಳ್ಳಸಾಗಣೆ ಶುರುವಾಯಿತು. ಮಯಾಮಿ ಬಂದರಿನಲ್ಲಿ ಕೊಕೇನ್ ಬಿಟ್ಟರೆ ಹೆಚ್ಚು ಬೆಲೆಯ ಕಳ್ಳಮಾಲು ಇದೇ ಅಂತ ಆಗ ಪತ್ರಿಕೆಗಳು ಬರೆದವು. ಅಲ್ಲಿಯ ಗ್ಯಾರೇಜುಗಳಲ್ಲಿ ಕನ್ವರ್ಷನ್ ಅನ್ನೋದು ದೊಡ್ಡ ದಂಧೆಯಾಗಿದ್ದು ಆಗಲೇ. ನಮ್ಮಲ್ಲಿ 2003ರಿಂದ ಹೊಸ ಉಪಕರಣಗಳಿಗೆ ಸಿಎಫ್‌ಸಿ ತುಂಬುವುದು ನಿಂತಿತು. ಒಪ್ಪಂದದ ಪ್ರಕಾರ 2010ರ ಜನವರಿ 1ರ ತನಕ ತಯಾರಿಸಬಹುದಿತ್ತು, ಭಾರತ ಹದಿನೇಳು ತಿಂಗಳು ಮುಂಚೆಯೇ, 2008ರ ಆಗಸ್ಟ್ 1ಕ್ಕೆ ನಿಲ್ಲಿಸಿತು. ಆಸ್ತಮಾ ಪಂಪುಗಳಿಗೆ ಬೇಕಾದಷ್ಟು ಮಾತ್ರ ವಿನಾಯಿತಿ. ಭಾಯ್ ಹೇಳಿದ 'ಬರಲ್ಲ' ಅನ್ನೋ ಒಂದು ಪದದ ಹಿಂದೆ ಇಷ್ಟಿದೆ.

ಈಗ ಆ ಮೂರು ದಿನ.

ಮೊದಲ ತಕರಾರು ಎಣ್ಣೆಯದು. ಎಸಿ ಕಂಪ್ರೆಸರ್‌ಗೆ ಬೇರೆ ಆಯಿಲ್ ಪಂಪ್ ಇರಲ್ಲ. ಗ್ಯಾಸಿನ ಜೊತೆಯಲ್ಲೇ ಎಣ್ಣೆ ಪೈಪಿನಲ್ಲಿ ಸುತ್ತಿ ಬಂದು ಕಂಪ್ರೆಸರ್ ಸೇರಬೇಕು. ಆರ್-12ರಲ್ಲಿ ಮಿನರಲ್ ಆಯಿಲ್ ಚೆನ್ನಾಗಿ ಬೆರೆಯುತ್ತಿತ್ತು. 134ಎ ಅದನ್ನ ಮುಟ್ಟಲ್ಲ. ಎಣ್ಣೆ ಹೋದ ಕಡೆಯೇ ನಿಂತುಬಿಡುತ್ತೆ, ಕಂಪ್ರೆಸರ್ ಒಣಗಿ ಜಾಮ್ ಆಗುತ್ತೆ. ಇನ್ನೊಂದು ಮಜಾ ಅಂದರೆ, ಆ ಖಳನಾಯಕ ಕ್ಲೋರಿನ್ ಲೋಹದ ಮೇಲೆ ತೆಳುವಾದ ಪದರ ಕಟ್ಟಿ ಸವೆತ ತಡೆಯುತ್ತಿತ್ತು. ಅದೂ ಹೋಯ್ತು. ಹಾಗಾಗಿ ಹಳೇ ಎಣ್ಣೆಯನ್ನೆಲ್ಲ ತೊಳೆದು, ಎಸ್ಟರ್ ಎಂಬ ಬೇರೆ ಎಣ್ಣೆ ಹಾಕಬೇಕು. ಹೊಸ ಕಾರುಗಳಿಗೆ ಹಾಕುವ ಪ್ಯಾಗ್ ಎಣ್ಣೆ ಹಳೇದರ ಪಳೆಯುಳಿಕೆ ಜೊತೆ ಹೊಂದಲ್ಲ. ಎಸ್ಟರ್ ಅಡ್ಜಸ್ಟ್ ಮಾಡಿಕೊಳ್ಳುತ್ತೆ.

ಆಮೇಲೆ ರಬ್ಬರು. 134ಎ ಹಳೇ ಹೋಸುಗಳ ಗೋಡೆಯಿಂದಲೇ ನಿಧಾನಕ್ಕೆ ಜಾರಿಕೊಳ್ಳುತ್ತೆ. ಒಳಗೆ ನೈಲಾನ್ ಪದರವಿರುವ ಹೊಸ ಹೋಸ್ ಬೇಕು. ನಮ್ಮದಂತೂ ಮುಟ್ಟಿದರೆ ಬಿರುಕು ಬಿಡುತ್ತಿತ್ತು. ಜಾಯಿಂಟುಗಳ ಕರೀ ಓ-ರಿಂಗ್ ತೆಗೆದು ಭಾಯ್ ಹಸಿರು ಹಾಕಿದರು. ತೇವ ಹೀರುವ ಡ್ರೈಯರ್ ಬದಲಾಯಿತು, ಒಳಗಿನ ಹರಳು ಹೊಸ ಗ್ಯಾಸಿಗೆ ಆಗಿಬರಬೇಕು. ಗ್ಯಾಸ್ ತುಂಬುವ ಬಾಯಿಯೂ ಬೇರೆ: ಹಳೇದು ತಿರುಪಿನದು, ಹೊಸದು ಟಕ್ ಅಂತ ಕೂರುವ ಕಪ್ಲರ್. ಅಪ್ಪಿತಪ್ಪಿಯೂ ಒಂದರ ಗ್ಯಾಸ್ ಇನ್ನೊಂದಕ್ಕೆ ಹೋಗದ ಹಾಗೆ ಬೇಕಂತಲೇ ಹಾಗೆ ಮಾಡಿದ್ದಾರೆ.

ಕೊನೆಗೆ ಶಾಖದ ಲೆಕ್ಕ. ಮುಂದಿನ ಜಾಲರಿ, ಅಂದರೆ ಕಂಡೆನ್ಸರ್, ಅರವತ್ತು ಡಿಗ್ರಿಗೆ ಕಾದಾಗ ಹೊಸ ಗ್ಯಾಸಿನ ಒತ್ತಡ ಹಳೇದಕ್ಕಿಂತ ಹತ್ತು ಪರ್ಸೆಂಟ್‌ನಷ್ಟು ಹೆಚ್ಚು. ಹೈವೇಯಲ್ಲಿ ಗಾಳಿ ಬಡಿಯುವಾಗ ಚಿಂತೆಯಿಲ್ಲ. ಸಿಲ್ಕ್ ಬೋರ್ಡಿನಲ್ಲಿ ಮುಕ್ಕಾಲು ಗಂಟೆ ನಿಂತರೆ ಏನು ಗತಿ? ಅದಕ್ಕೇ ಭಾಯ್ ಇನ್ನೊಂದು ಎಲೆಕ್ಟ್ರಿಕ್ ಫ್ಯಾನ್ ಕೂರಿಸಿದರು, ಒತ್ತಡ ಮೀರಿದರೆ ಕಂಪ್ರೆಸರ್ ನಿಲ್ಲಿಸುವ ಸ್ವಿಚ್ ಹಾಕಿದರು. ಹಳೇ ಅಳತೆಯಷ್ಟು ಗ್ಯಾಸ್ ತುಂಬಲಿಲ್ಲ, ಎಂಬತ್ತು ಪರ್ಸೆಂಟ್ ಅಷ್ಟೇ.

ನಮ್ಮ ಕೆಲಸದಲ್ಲಿ ಇದಕ್ಕೆ ಮೈಗ್ರೇಶನ್ ಅನ್ನುತ್ತೇವೆ. ಡೇಟಾಬೇಸ್ ಬದಲಾಯಿಸ್ತೀವಿ ಅಷ್ಟೇ ಅಂತ ಮೀಟಿಂಗಲ್ಲಿ ಹೇಳಿ, ಆರು ತಿಂಗಳು ಅದನ್ನ ಮುಟ್ಟಿದ ಎಲ್ಲವನ್ನೂ ಬದಲಾಯಿಸುತ್ತಾ ಕೂರುವ ಕೆಲಸ.

ಕೆಲಸ ಶುರು ಮಾಡುವ ಮುಂಚೆ ಭಾಯ್ ಗೇಜ್ ಹಾಕಿದ್ದರು. ಒಳಗೆ ಸ್ವಲ್ಪ ಆರ್-12 ಉಳಿದಿತ್ತು. ಪಕ್ಕದಲ್ಲಿದ್ದ ಹುಡುಗ ಸ್ಪ್ಯಾನರ್ ಹಿಡಿದು ನಟ್ ಸಡಿಲಿಸೋಕೆ ಬಂದ. 'ಏಯ್, ಇರು' ಅಂದ ಭಾಯ್, ಮೂಲೆಯಿಂದ ಧೂಳು ಹಿಡಿದ ರಿಕವರಿ ಮೆಷಿನ್ ಎಳೆದು ತಂದರು. ಸರ್ಕಾರದ ಟ್ರೈನಿಂಗಿಗೆ ಹೋಗಿದ್ದರಂತೆ, ಗೋಡೆ ಮೇಲೆ ಸರ್ಟಿಫಿಕೇಟಿದೆ. ಗ್ಯಾಸನ್ನ ಸಿಲಿಂಡರಿಗೆ ಎಳೆದುಕೊಂಡರು. 'ಇದನ್ನ ಏನು ಮಾಡ್ತೀರಿ?' ಅಂದೆ. 'ಇಟ್ಕೊಂಡಿರ್ತೀನಿ ಸಾರ್. ತಗೊಂಡು ಹೋಗೋಕೆ ಯಾರೂ ಬರಲ್ಲ.'

ಆ ಹುಡುಗನ ಸ್ಪ್ಯಾನರ್ ನೋಡಿದಾಗಿನಿಂದ ನನಗೆ ಒಂದು ಮಧ್ಯಾಹ್ನ ನೆನಪಾಗ್ತಿದೆ. ನಾನು ನಾಲ್ಕನೇ ಕ್ಲಾಸೋ ಐದೋ. ಇದೇ ಕಾರಿನ ಯಾವುದೋ ರಿಪೇರಿಗೆ ಎಸಿ ಪೈಪ್ ಅಡ್ಡ ಬಂದಿತ್ತು. ಆಗಿನ ಮೆಕ್ಯಾನಿಕ್ ಪಿನ್ ಒತ್ತಿದ. ಬುಸ್ ಅಂತ ಬಿಳೀ ಹೊಗೆ. ನಾವು ಮೂರು ಹುಡುಗರು ಅದಕ್ಕೆ ಕೈ ಒಡ್ಡಿ, ತಣ್ಣಗಾಯ್ತು ಅಂತ ಕುಣಿದೆವು. ಎರಡು ನಿಮಿಷದಲ್ಲಿ ಮುಗಿಯಿತು. ವಾಸನೆ ಕೂಡ ಇರಲಿಲ್ಲ.

ಈಗ ಲೆಕ್ಕ ಹಾಕಿದೆ. ಆ ಕಾಲದ ಕಾರಿನಲ್ಲಿ ಹೆಚ್ಚುಕಮ್ಮಿ ಒಂದು ಕೆಜಿ ಆರ್-12. ಶಾಖ ಹಿಡಿಯುವುದರಲ್ಲಿ ಅದು 10,900 ಕೆಜಿ ಕಾರ್ಬನ್ ಡೈಆಕ್ಸೈಡಿಗೆ ಸಮ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕೆಜಿ. ಅಂದರೆ ಆ ಎರಡು ನಿಮಿಷದ ಬುಸ್, 4,700 ಲೀಟರ್ ಪೆಟ್ರೋಲಿಗೆ ಸಮ. ಲೀಟರಿಗೆ ಹತ್ತು ಕೊಡುವ ಈ ಗಾಡಿಯನ್ನ 47,000 ಕಿಲೋಮೀಟರ್ ಓಡಿಸಿದ ಹಾಗೆ. ಗಾಳಿಯಲ್ಲಿ ಆರ್-12ರ ಆಯಸ್ಸು ನೂರು ವರ್ಷದಷ್ಟು. ಅವತ್ತು ನಾವು ಕೈಯೊಡ್ಡಿದ ಗ್ಯಾಸಿನ ಮುಕ್ಕಾಲು ಪಾಲು ಇನ್ನೂ ಮೇಲೆ ಎಲ್ಲೋ ಇದೆ. ಆ ಮೆಕ್ಯಾನಿಕ್‌ನ ಬೈಯೋಕೆ ಮನಸ್ಸು ಬರಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ.

ಹಾಗಂತ ಹೊಸದು ಸಾಧುವಾ? 134ಎ ಓಝೋನ್ ಮುಟ್ಟಲ್ಲ, ಕಂಬಳಿ ಮಾತ್ರ ಹೊದಿಸುತ್ತೆ: 1,430 ಪಟ್ಟು. ನಮ್ಮ ಕಾರಿಗೆ ಹಾಕಿದ 800 ಗ್ರಾಂ ಪೂರ್ತಿ ಸೋರಿದರೆ ಐದು ಸಾವಿರ ಕಿಲೋಮೀಟರ್ ಲೆಕ್ಕ. ರಾಮನಾಥನ್ ಅವರ ಎರಡನೇ ಮಾತು ಇಲ್ಲಿ ವಾಪಸ್ ಬಂತು. ಯುರೋಪಿನಲ್ಲಿ 2017ರಿಂದ ಹೊಸ ಕಾರುಗಳಿಗೆ ಇದನ್ನ ಹಾಕುವ ಹಾಗಿಲ್ಲ. 2016ರ ಕಿಗಾಲಿ ತಿದ್ದುಪಡಿಯ ಪ್ರಕಾರ ನಮ್ಮಲ್ಲೂ 2032ರಿಂದ ಈ ಜಾತಿಯ ಗ್ಯಾಸುಗಳನ್ನ ಕಡಿಮೆ ಮಾಡುತ್ತಾ ಹೋಗಿ, 2047ರೊಳಗೆ ಶೇ. 85 ಇಳಿಸಬೇಕು. ಬದಲಿಗೆ ಬಂದಿರುವ 1234ವೈಎಫ್ ಕಂಬಳಿ ಹೊದಿಸೋದು ತೀರಾ ಕಡಿಮೆ. ಆದರೆ ಸ್ವಲ್ಪ ಉರಿಯುತ್ತೆ. ಗಾಳಿಯಲ್ಲಿ ಒಡೆದು ಒಂದು ಆಮ್ಲವಾಗಿ ಮಳೆಯಲ್ಲಿ ಇಳಿಯುತ್ತೆ, ಆ ಆಮ್ಲ ಕೊಳೆಯಲ್ಲ ಅಂತ ಯುರೋಪಿನಲ್ಲಿ ಈಗ ಚರ್ಚೆ.

ಹಳೇ ಎಣ್ಣೆ, ಹಳೇ ಹೋಸು ಯಾವುದನ್ನೂ ಮುಟ್ಟದೆ ಆರ್-12ರ ಜಾಗದಲ್ಲಿ ಕೂರುವ ಗ್ಯಾಸೂ ಒಂದಿದೆ: ಪ್ರೊಪೇನ್-ಬ್ಯೂಟೇನ್ ಜಾತಿಯ ಮಿಶ್ರಣ, ಅಡುಗೆ ಗ್ಯಾಸಿನ ಬೀಗರು. 'ಕೆಲವರು ಅದನ್ನೇ ಹಾಕಿಬಿಡ್ತಾರೆ ಸಾರ್, ಐಸ್ ಥರ ತಣ್ಣಗಿರುತ್ತೆ' ಅಂದರು ಭಾಯ್. ಆ್ಯಕ್ಸಿಡೆಂಟಿನಲ್ಲಿ ಮುಂದಿನ ಜಾಲರಿ ಒಡೆದು ಬಿಸಿ ಇಂಜಿನ್ ಮೇಲೆ ಸುರಿದರೆ? 'ನಾನು ಹಾಕಲ್ಲ' ಅಂದರು. ಅದೇ ಜಾತಿಯ ಐಸೋಬ್ಯೂಟೇನ್ ಇವತ್ತು ಮನೆಮನೆಯ ಫ್ರಿಜ್ಜಿನಲ್ಲಿದೆ, ಕೆಲವೇ ಹತ್ತು ಗ್ರಾಂ ಅಷ್ಟೇ ಅನ್ನೋ ಧೈರ್ಯದ ಮೇಲೆ. ಮಿಡ್ಗ್ಲೇ ಬತ್ತಿ ಆರಿಸಿ ಓಡಿಸಿದ್ದ ಬೆಂಕಿಯ ಭಯವನ್ನ ನಾವೇ ವಾಪಸ್ ಕರೆದು, ಸ್ವಲ್ಪ ಸ್ವಲ್ಪವಾಗಿ ಒಳಗೆ ಕೂರಿಸಿಕೊಂಡಿದ್ದೇವೆ.

ನಾಲ್ಕನೇ ದಿನ ಊರಿಗೆ ಹೋದೆವು. ನೆಲಮಂಗಲ ದಾಟುವ ತನಕ ದೊಡ್ಡಪ್ಪ ಗಾಳಿ ಬರುವ ಕಿಂಡಿಗೆ ಕೈ ಹಿಡಿದುಕೊಂಡೇ ಇದ್ದರು. 'ಮೊದಲಿನಷ್ಟು ಇಲ್ಲ ಕಣ್ಲಾ' ಅಂದರು. ನಿಜ. ಮೊದಲಿನಷ್ಟು ಇಲ್ಲ. ಒಂದೆರಡು ಡಿಗ್ರಿ ಕಮ್ಮಿಯೇ.

ಊರಲ್ಲಿ ಕಾರು ನಿಲ್ಲಿಸಿ ಬಾನೆಟ್ ಎತ್ತಿ, ಒಳಗಿನ ತಗಡನ್ನ ಒರೆಸಿ, ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದೆ: ಆರ್-134ಎ, 800 ಗ್ರಾಂ, ಎಸ್ಟರ್ ಎಣ್ಣೆ, ತಾರೀಖು. ಮುಂದೆ ಯಾರಾದರೂ ಹಳೇ ಗಾಡಿ ಅಂತ ಹಳೇ ಎಣ್ಣೆ ಸುರಿಯಬಾರದಲ್ಲ.

ದೊಡ್ಡಪ್ಪ ಹಿಂದಿನಿಂದ ಬಗ್ಗಿ ನೋಡಿದರು. 'ಅದೇನ್ಲಾ ಬರೀತಿದೀಯ, ಕಾರಿಗೂ ಜಾತಕನಾ?'

'ಹೂಂ ದೊಡ್ಡಪ್ಪ. ಇನ್ನೊಂದು ಸಾಲು ಜಾಗ ಬಿಡ್ಲಾ?'

'ಬಿಡು, ಬಿಡು. ಇನ್ನೂ ಓಡ್ತೈತೆ.'